ಒಂದು ಮೊರ ತೌಡಿಗೆ ಮಾರಿದ ಕೂಸು

ಆ ವರ್ಷಗಳನ್ನು ನೆನೆದರೆ ನನಗೆ ಮೊದಲು ಕಾಣುವುದು ಆಸ್ಪತ್ರೆಯಲ್ಲ, ಹತ್ತಿ. ಕೊಟ್ಟೂರಿನಲ್ಲಿ ನಮ್ಮ ಎದುರುಮನೆ ಪಿಂಜಾರರದು. ಅವರ ಶೆಡ್ಡಿನಲ್ಲಿ ಹಗಲೆಲ್ಲ ಹತ್ತಿ ಹಿಂಜುವ ಮಷಿನ್ನು ಗುಂಯ್‌ಗುಡುತ್ತಿತ್ತು, ಸಣ್ಣ ಸಣ್ಣ ಎಳೆಗಳು ಓಣಿಗೆ ಹಾರಿ ಬರುತ್ತಿದ್ದವು. ಮಧ್ಯಾಹ್ನದ ಬಿಸಿಲಲ್ಲಿ ಅವು ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಸುಮ್ಮನೆ ತೇಲುತ್ತಿದ್ದವು. ಹೊಸ್ತಿಲ ಮೇಲೆ ನಾನು, ತೊಡೆಯ ಮೇಲೆ ಜ್ವರದ ಕೂಸು, ಕಣ್ಣ ಮುಂದೆ ಆ ಬಿಳುಪು. ಎಷ್ಟು ಹೊತ್ತು ಹಾಗೆ ಕೂತಿರುತ್ತಿದ್ದೆನೋ, ಯಾರಾದರೂ ಹೆಸರು ಹಿಡಿದು ಕೂಗಿದಾಗಲೇ ಎಚ್ಚರ. ನಿದ್ದೆಯಲ್ಲ ಅದು, ಎಚ್ಚರವೂ ಅಲ್ಲ.

ನನ್ನ ಮಗಳು ಚೈತ್ರಾ ಇನ್ನೂ ಅಂಬೆಗಾಲು ಇಡುತ್ತಿದ್ದಾಗ ಶುರುವಾದದ್ದು, ಅವಳು ಬಾಲವಾಡಿಗೆ ಹೋಗುವ ವಯಸ್ಸಿಗೆ ಮುಗಿಯಿತು. ತೊಂಬತ್ತರ ದಶಕದ ಕೊನೆಯ ಮಾತು. ಅವಳ ಮೈಯೇ ಅವಳ ರಕ್ತದ ಬಿಳಿ ಕಣಗಳನ್ನು ಯಾರೋ ಹೊರಗಿನವರು ಅಂತ ತಿಳಿದು ಕೊಂದುಹಾಕುತ್ತಿತ್ತು. ಕಾಯಿಲೆಯ ಹೆಸರು ಉದ್ದ ಇದೆ, ಹೇಳಿದರೆ ನಮ್ಮ ಕಡೆ ಈಗಲೂ ಯಾರಿಗೂ ತಿಳಿಯುವುದಿಲ್ಲ. ಇವತ್ತು ಎಲ್ಲೋ ಒಂದು ದವಾಖಾನೆಯ ಬೆಂಚಿನ ಮೇಲೆ ಒಬ್ಬ ತಾಯಿ ಆ ಉದ್ದ ಹೆಸರನ್ನು ಕೇಳಿಸಿಕೊಂಡು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿರಬಹುದು. ಸ್ವಲ್ಪ ಸರಿದು ಜಾಗ ಕೊಡವ್ವ, ನಾನೂ ಕೂಡುತ್ತೇನೆ.

ನಾನು ರೇಣುಕಾ. ಗುಡೇಕೋಟೆ ಕಡೆಯ ಕುರಿಗಾರರ ಮಗಳು. ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಮುಗಿಸಿದ ಮೊದಲ ಜೀವ ನಾನೇ, ಗಂಡಸರನ್ನೂ ಸೇರಿಸಿ ಹೇಳುತ್ತಿದ್ದೇನೆ. ಜಂಬ ಅಂದರೆ ಅನ್ನಿ. ಕಾಲೇಜಿನಲ್ಲಿ ಪಕ್ಕ ಕೂತವಳು ಮೂಗು ಹಿಡಿದು, "ಏನಲೇ, ಕುರಿ ರೊಪ್ಪದಿಂದ ಸೀದಾ ಬಂದಿಯೇನು?" ಅಂದಾಗ, "ಹೌದು, ರೊಪ್ಪದಿಂದ ಸೀದಾ ಫಸ್ಟ್ ಕ್ಲಾಸಿಗೆ ಹೊಂಟೀನಿ" ಅಂದವಳು ನಾನು. ಹಾಗೇ ಆಯಿತು ಕೂಡ. ಕೊಟ್ಟೂರಿನ ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಗಂಡ ತಿಪ್ಪೇಶಿ ಸರ್ಕಾರಿ ಬಸ್ಸಿನ ಕಂಡಕ್ಟರು. ಮನೆಯಲ್ಲಿ ಅತ್ತೆ ನಾಗವ್ವ, ಹಿತ್ತಲಲ್ಲಿ ಒಂದು ಎಮ್ಮೆ.

ಮೊದಲು ಬಾಯಿ. ಚೈತ್ರಾಳ ಒಸಡು ಕೆಂಪಗೆ ಊದಿ, ನಾಲಗೆಯ ಅಂಚಿಗೆ ಹುಣ್ಣಾಗಿ, ಮೊಲೆಗೆ ಬಾಯಿ ಹಾಕಿದ ಕೂಡಲೇ ಚೀರಿ ಬಿಟ್ಟುಬಿಡುತ್ತಿದ್ದಳು. ಆಮೇಲೆ ಕಿವಿ ನೋವು. ಆಮೇಲೆ ತೊಡೆಯ ಸಂದಿಯಲ್ಲಿ ಕುರು. "ಹಲ್ಲು ಬರಾಕತ್ಯಾವ, ಅದಕ್ಕ" ಅಂದರು ಅತ್ತೆ. "ಉಷ್ಣ" ಅಂದಳು ಓಣಿಯ ಒಬ್ಬಳು. "ದೃಷ್ಟಿ" ಅಂದಳು ಇನ್ನೊಬ್ಬಳು. ಡಾಕ್ಟರು ಸಿರಪ್ ಕೊಟ್ಟರೆ ಹೋಗುತ್ತಿತ್ತು, ಬಾಟಲಿ ಖಾಲಿಯಾದರೆ ತಿರುಗಿ ಬರುತ್ತಿತ್ತು. ಕೊನೆಗೆ ಅವರು ರಕ್ತ ಪರೀಕ್ಷೆ ಮಾಡಿಸಿ, ರಿಪೋರ್ಟು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು.

"ಟೀಚರ್ರ, ದಾವಣಗೆರಿಗೆ ಹೋಗಿಬಿಡ್ರಿ. ನಾಳೆ ನಾಡಿದ್ದು ಅನಬ್ಯಾಡ್ರಿ."

"ಏನಾಗೈತ್ರಿ ಸರ್?"

"ಬಿಳಿ ಕಣ ಭಾಳ ಕಡಿಮಿ ಅದಾವ. ಯಾಕಂತ ದೊಡ್ಡ ಡಾಕ್ಟರೇ ಹೇಳಬೇಕು. ನಾ ಹೇಳಿದ್ರ ತಪ್ಪಾಗತೈತಿ."

ಬಿಳಿ ರಕ್ತಕಣಗಳು ಮೈ ಕಾಯುವ ಸೈನಿಕರು ಅಂತ ಒಂಬತ್ತನೇ ಕ್ಲಾಸಿಗೆ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಕಲಿಸಿದವಳು ನಾನು. ಓದಿದವರಿಗೆ ಹೆದರಿಕೆ ಬೇಗ ಬರುತ್ತದೆ, ಅದರ ಹೆಸರೂ ಕೂಡಿಕೊಂಡೇ ಬರುತ್ತದೆ. ರಕ್ತದ ಕ್ಯಾನ್ಸರ್. ನಾನು ಆ ಮಾತು ಆಡಲಿಲ್ಲ, ಗಂಡನೂ ಆಡಲಿಲ್ಲ. ಬಸ್ಸು ಹರಪನಹಳ್ಳಿ ದಾಟಿತು, ತೆಲಿಗಿ ದಾಟಿತು. ಆ ಮಾತು ನಮ್ಮಿಬ್ಬರ ನಡುವೆ ಟಿಕೆಟಿಲ್ಲದ ಪ್ರಯಾಣಿಕನ ಹಾಗೆ ಸುಮ್ಮನೆ ಕೂತು ಬಂತು. ಅಷ್ಟು ವರ್ಷ ಕಂಡಕ್ಟರಿಕೆ ಮಾಡಿದ ನನ್ನ ಗಂಡ ಅದನ್ನು ಇಳಿಸಲಾರದೆ ಕಿಟಕಿಯ ಕಡೆ ನೋಡುತ್ತಿದ್ದ.

ಆಸ್ಪತ್ರೆಯ ಆ ಕಾಯುವ ಕೋಣೆ! ಗೋಡೆಗೆ ತಿಳಿ ಹಸಿರು ಬಣ್ಣ. ಫ್ಯಾನು ಎಷ್ಟು ನಿಧಾನ ತಿರುಗುತ್ತಿತ್ತೆಂದರೆ ಅದರ ರೆಕ್ಕೆಗಳನ್ನು ಎಣಿಸಬಹುದಿತ್ತು. ಅಲ್ಲಿ ಕೂತವರೆಲ್ಲ ನೀರಿನ ತಳದಲ್ಲಿ ಕೂತವರಂತೆ ಕಾಣುತ್ತಿದ್ದರು. ಬಾಯಿ ಆಡುತ್ತಿತ್ತು, ಮಾತು ತಡವಾಗಿ ಮುಟ್ಟುತ್ತಿತ್ತು. ಪಕ್ಕದಲ್ಲಿ ಹಡಗಲಿಯ ಹೆಂಗಸೊಬ್ಬಳು ದೊಡ್ಡ ಮಗನನ್ನು ತೊಡೆಗೆ ಒರಗಿಸಿಕೊಂಡು ಕೂತಿದ್ದಳು. ನನ್ನನ್ನು ಏನೂ ಕೇಳಲಿಲ್ಲ. ಬುತ್ತಿ ಬಿಚ್ಚಿ, ರೊಟ್ಟಿಯೊಳಗೆ ಶೇಂಗಾ ಚಟ್ನಿ ಹಾಕಿ ಮಡಿಚಿ, ಕೈಗೆ ಇಟ್ಟಳು.

"ಬ್ಯಾಡ್ರಿ, ಸೇರೂದಿಲ್ಲ."

"ಉಣ್ಣವ್ವ. ಅಳಾಕೂ ಶಕ್ತಿ ಬೇಕಾಗತೈತಿ."

ಉಂಡೆ. ಆ ರೊಟ್ಟಿಯ ರುಚಿ ಇನ್ನೂ ನಾಲಗೆಯ ಮೇಲಿದೆ. ಆಕೆಯ ಹೆಸರು ಕೇಳಲಿಲ್ಲ. ಅವಳ ಮಗನಿಗೆ ಏನಾಗಿತ್ತೆಂದೂ ತಿಳಿಯಲಿಲ್ಲ.

ಸೊಂಟದ ಎಲುಬಿಗೆ ಸೂಜಿ ಹಾಕಿ ಒಳಗಿನ ಮಜ್ಜೆ ತೆಗೆದು ನೋಡಬೇಕು ಅಂದರು. ಒಬ್ಬರು ಕೂಸಿನ ಕಾಲು ಹಿಡಿಯಬೇಕು. ನನ್ನ ಗಂಡ ಹೋದ. ಬಾಗಿಲ ಹೊರಗೆ ನಿಂತು ನಾನು ಅವಳ ಅಳು ಕೇಳಿದೆ. ಆಮೇಲೆ ಅಳು ಹಳ್ಳದ ಆಚೆ ದಂಡೆಯಿಂದ ಬಂದಂತೆ ದೂರವಾಯಿತು. ಹೊರಬಂದ ಗಂಡ ಕೂಸನ್ನು ನನ್ನ ಕೈಗೆ ಕೊಟ್ಟು, ಗೋಡೆಗೆ ಮುಖ ಹಾಕಿ ನಿಂತ. ಬಸ್ಸಿನಲ್ಲಿ ಎಂಥೆಂಥ ಕುಡುಕರ ಜಗಳ ಬಿಡಿಸಿದ ಮನುಷ್ಯ.

ಮಜ್ಜೆಯ ವರದಿ ಬಂದ ದಿನ ದೊಡ್ಡ ಡಾಕ್ಟರಮ್ಮ ನಮ್ಮನ್ನು ಒಳಗೆ ಕರೆದರು. ವಯಸ್ಸಾದವರು, ದನಿ ಮೆತ್ತಗೆ. "ನೋಡಮ್ಮ, ನೀವು ಹೆದರಿದ್ದು ಅಲ್ಲ ಇದು" ಅಂದರು. ಆಮೇಲೆ ಬಹಳ ಹೇಳಿದರು. ಆದರೆ ನಾನು ಅವರ ಟೇಬಲ್ಲಿನ ಮೇಲೆ ಒಂದು ಗಾಜಿನ ಗುಂಡು ನೋಡುತ್ತಿದ್ದೆ, ಕಾಗದ ಹಾರದಂತೆ ಇಡುವುದು, ಒಳಗೆ ನೀಲಿ ಹೂ. ಆ ಹೂವಿನೊಳಗೆ ಹೋಗಿ ಕೂತುಬಿಟ್ಟಿದ್ದೆ. ಹೊರಗೆ ಬರಲು ಮನಸ್ಸೇ ಇರಲಿಲ್ಲ. ಗಂಡ ಭುಜ ಅಲುಗಿಸಿದ, "ರೇಣುಕಾ, ಕೇಳು. ನೀ ಕೇಳಬೇಕು, ನನಗ ತಿಳಿಯೂದಿಲ್ಲ."

ಕೇಳಿದೆ. ಎಲುಬಿನೊಳಗೆ ಬಿಳಿ ಕಣ ಸರಿಯಾಗೇ ಹುಟ್ಟುತ್ತಿವೆ. ಹೊರಗೆ ಬಂದ ಮೇಲೆ ಅವಳ ಮೈಯೇ ಅವನ್ನು ಹಿಡಿದು ಮುಗಿಸುತ್ತಿದೆ. ಸಣ್ಣ ಮಕ್ಕಳಲ್ಲಿ ಇದು ಹೆಚ್ಚಾಗಿ ತಾನೇ ಬಂದು, ಒಂದೆರಡು ವರ್ಷಕ್ಕೋ ಮೂರು ವರ್ಷಕ್ಕೋ ತಾನೇ ಹೋಗುತ್ತದೆ. ಅಲ್ಲಿಯವರೆಗೆ ದಿನವೂ ಸ್ವಲ್ಪ ಔಷಧಿ. ಜ್ವರ ಬಂದರೆ ಕೂತು ನೋಡುವ ಹಾಗಿಲ್ಲ, ಓಡಿ ಬರಬೇಕು. ಜನಜಂಗುಳಿ ಬೇಡ, ಗಾಯ ಬೇಡ, ಕೈ ತೊಳೆಯದೆ ಯಾರೂ ಮುಟ್ಟುವುದು ಬೇಡ.

"ಹೋಗೇ ಹೋಗತ್ತಾ ಮೇಡಂ?" ಅಂದೆ.

"ಹೆಚ್ಚಾಗಿ ಹೋಗತ್ತೆ. ನಿಮ್ಮ ಕೆಲಸ ಅಂದ್ರೆ ಅದು ಹೋಗೋವರೆಗೆ ಮಗುನ ಉಳಿಸಿಕೊಳ್ಳೋದು. ಅಷ್ಟೇ."

ಅಷ್ಟೇ ಅಂದರು! ವಾಪಸ್ ಬರುವಾಗ ಗಂಡ ಕೇಳಿದ, "ತನ್ನ ಮೈ ತನ್ನ ರಕ್ತಾನೇ ಕೊಲ್ಲೂದು ಅಂದ್ರೇನು? ನನಗ ತಿಳಿಯೋ ಹಂಗ ಹೇಳು." ನನ್ನ ಅಪ್ಪನ ಹತ್ತಿರ ಹಿಂದೆ ಒಂದು ನಾಯಿಮರಿ ಇತ್ತು. ಕುರಿ ಕಾಯಲು ತಂದದ್ದು ನಮ್ಮ ಕುರಿಮರಿಗಳನ್ನೇ ಕಚ್ಚುತ್ತಿತ್ತು. ಹೊಡೆದು ಓಡಿಸು ಅಂದವರಿಗೆ ಅಪ್ಪ, "ಅದಕ್ಕಿನ್ನೂ ನಮ್ಮವರು ಯಾರಂತ ಗುರ್ತು ಹತ್ತಿಲ್ಲ, ಬೆಳೀಲಿ ತಡೀರಿ" ಅಂತಿದ್ದ. ಮರಿಗಳನ್ನು ಬೇರೆ ಕಡೆ ಮುಚ್ಚಿ ಇಡುತ್ತಿದ್ದ. ಅದನ್ನೇ ಗಂಡನಿಗೆ ಹೇಳಿದೆ.

"ಅಂದ್ರ ನಾವು ಕೂಸಿನ್ನ ಮುಚ್ಚಿ ಇಡಬೇಕು."

"ಹೂಂ."

"ನಮ್ಮ ಮನ್ಯಾಗ? ನಮ್ಮ ಓಣ್ಯಾಗ?" ಅಂದು ಅವನು ನಕ್ಕುಬಿಟ್ಟ. ಆ ಕಷ್ಟದಲ್ಲೂ ನಗು ಬರುವಂಥ ಮಾತೇ ಅದು.

ನಮ್ಮ ಕಡೆ ಕೂಸು ಅಂದರೆ ಹಡೆದವರ ಸ್ವತ್ತಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆಸಿದ ಮೇಲೆ ಅದು ಓಣಿಯದು. ಒಬ್ಬಳ ಸೊಂಟದಿಂದ ಇನ್ನೊಬ್ಬಳ ಸೊಂಟಕ್ಕೆ, ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ. ಎಲೆ ಅಡಿಕೆ ಬಾಯಿಯಿಂದಲೇ ಮುತ್ತು, ತನ್ನ ಬಾಯಿಯಲ್ಲಿ ನುರಿಸಿ ಮೆತ್ತಗೆ ಮಾಡಿದ ರೊಟ್ಟಿಯ ತುತ್ತು. ಪ್ರೀತಿ ಅಂದರೆ ಅದೇ. ಅದರ ನಡುವೆ ಒಬ್ಬ ಸೊಸೆ ನಿಂತು, "ಮುಟ್ಟಬ್ಯಾಡ್ರಿ, ಕೈ ತೊಳಕೊಳ್ರಿ" ಅನ್ನುವುದು ಹೇಗೆ? ಒಮ್ಮೆ ಅಂದೆ. "ನೋಡಿದಿರೇನು, ಡಿಗ್ರಿ ಓದಿದಾಕಿಗೆ ನಮ್ಮ ಕೈ ಹೊಲಸು" ಅಂತ ಓಣಿಯೆಲ್ಲ ಆಡಿಕೊಂಡಿತು. ಕೂಸನ್ನು ಎತ್ತಿಕೊಳ್ಳುವುದನ್ನಂತೂ ಯಾರೂ ಬಿಡಲಿಲ್ಲ. ಚೈತ್ರಾಳ ಬಾಯಿ ಮತ್ತೆ ಹುಣ್ಣಾಯಿತು.

ಆಗ ಅತ್ತೆ ತಮ್ಮ ಔಷಧಿ ಹೇಳಿದರು.

ನನ್ನ ಗಂಡನಿಗಿಂತ ಮೊದಲು ಹುಟ್ಟಿದ ಎರಡು ಮಕ್ಕಳು ಅತ್ತೆಯ ಕೈಯಲ್ಲೇ ಹೋಗಿದ್ದವು. ಮೂರನೆಯದು ಹುಟ್ಟಿದಾಗ, ಬೇಡದ ಕಸದಂತೆ ಅದನ್ನು ತಿಪ್ಪೆಯ ಮೇಲೆ ಮಲಗಿಸಿ, ನೆರೆಯವಳಿಗೆ ಮಾರಿದ್ದರು. ಹೀಗೆ ಮಾಡಿದರೆ, ಯಾರಿಗೂ ಬೇಡವಾದದ್ದು ನನಗೇಕೆ ಅಂತ ಸಾವು ಮುಂದಕ್ಕೆ ಹೋಗುತ್ತದಂತೆ. ಮದುವೆಯ ದಿನ ಹೆತ್ತವರು ಕೊಂಡವಳಿಗೆ ಸೀರೆ ಉಡಿಸಿ ಬಿಡಿಸಿಕೊಳ್ಳುವ ತನಕ ಕೂಸು ಕೊಂಡವರದೇ. ತಿಪ್ಪೆಯಿಂದ ಎತ್ತಿದ್ದಕ್ಕೆ ತಿಪ್ಪೇಶಿ ಅಂತ ಹೆಸರು.

"ನಿನ್ನ ಗಂಡ ಬದುಕಿ ಕಲ್ಲಬಂಡಿಯಂಗ ಅದಾನಲ್ಲ, ನೋಡು" ಅಂದರು ಅತ್ತೆ. "ನಾಳೆ ಮುಂಜಾನಿ ಚೈತ್ರಿನ್ನ ತಿಪ್ಪಿಮ್ಯಾಲೆ ಹಾಕೋಣು."

ಹಿತ್ತಲ ತಿಪ್ಪೆ! ಎಮ್ಮೆಯ ಸಗಣಿ, ಕೊಳೆತ ಕಸ, ನೊಣ. ಒಂದು ಸಣ್ಣ ಗೀರು ಬಿದ್ದರೆ ಸಾಕು, ಇವಳನ್ನು ಕಾಯುವವರು ಮೈಯೊಳಗೆ ಯಾರೂ ಇಲ್ಲ.

"ಅತ್ತೀ, ತಿಪ್ಪಿ ಬ್ಯಾಡ್ರಿ. ಕೈ ಮುಗೀತೀನಿ."

"ಓದಿದಾಕಿ ನೀ. ನಿಮ್ಮ ಡಾಕ್ಟರಮ್ಮ ಏನು ಕೊಟ್ಟಳು? ಕಾಯ್ರಿ ಅಂದಳು. ಕಾಯಾಕ ನನಗೂ ಬರತೈತಿ. ಕಾದು ಕಾದು ಎರಡು ಮಣ್ಣು ಮಾಡಿ ಕುಂತೀನಿ."

ಅವರ ಕಣ್ಣಲ್ಲಿ ನೀರು ಬಂತು. ಅತ್ತೆ ಅತ್ತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ವಾದಕ್ಕೆ ಅಂತ ಸಜ್ಜಾಗಿ ನಿಂತಿದ್ದ ನನ್ನ ಬಿ.ಎಸ್ಸಿ. ಅಲ್ಲೇ ಮೆತ್ತಗಾಯಿತು. ಇವರದೂ ನನ್ನದೂ ಹೆದರಿಕೆ ಒಂದೇ ಅನ್ನಿಸಿತು. ವ್ಯಾಪಾರಕ್ಕೆ ಇಳಿದೆ.

"ಮಾರೂದಾದ್ರ ಮಾರ್ರಿ. ನಾ ಬ್ಯಾಡನ್ನೂದಿಲ್ಲ. ಆದ್ರ ತಿಪ್ಪಿ ಬದಲು ಮೊರದಾಗ ಮಲಗಿಸೋಣು. ಮೊರ ನಾ ಬಿಸಿನೀರಾಗ ತೊಳದು ಬಿಸಲಿಗೆ ಹಾಕತೀನಿ. ಕಸ ಮನಿಯಿಂದ ಹೊರಗ ಹೋಗೂದು ಮೊರದಾಗೇ ಅಲ್ಲೇನ್ರಿ?"

ಅತ್ತೆ ಗೋಡೆಯ ಮೇಲಿನ ಮೊರ ಇಳಿಸಿ ನನ್ನ ಕೈಗೆ ಕೊಟ್ಟರು. "ಮಾರೂದು ಮಾತ್ರ ಬಾಯಿಬಿಟ್ಟು ಮಾರಬೇಕು. ಹಡದಾಕಿನೇ ಹೇಳಬೇಕು" ಅಂದರು.

ಕೊಳ್ಳುವವಳು ಯಾರು ಅನ್ನುವುದು ಗೊತ್ತೇ ಇತ್ತು. ನನ್ನ ಗಂಡನನ್ನು ಕೊಂಡವಳು ಎದುರುಮನೆಯ ಪಿಂಜಾರರ ಮುದುಕಿ. ಆಕೆ ತೀರಿಹೋಗಿದ್ದಳು. ಈಗ ಅವಳ ಸೊಸೆ ಹೊನ್ನೂರಬಿ. ಗಂಡ ಹತ್ತಿ ಹಿಂಜಿದರೆ ಇವಳು ಗಾದಿ ಹೊಲಿಯುವವಳು. ಐದು ಮಕ್ಕಳ ತಾಯಿ, ಎತ್ತರದ ಆಳು, ಬಾಯಿ ತೆರೆದರೆ ಬಸ್ ಸ್ಟ್ಯಾಂಡಿಗೆ ಕೇಳಿಸಬೇಕು.

ಬೆಳಿಗ್ಗೆ ಎಳೆ ಬಿಸಿಲಿತ್ತು. ಶೆಡ್ಡಿನ ಮಷಿನ್ನು ಇನ್ನೂ ಶುರುವಾಗಿರಲಿಲ್ಲ. ಮೊರಕ್ಕೆ ಮಡಿ ಬಟ್ಟೆ ಹಾಸಿ ಚೈತ್ರಾಳನ್ನು ಮಲಗಿಸಿ ಬಾಗಿಲ ಮುಂದೆ ಇಟ್ಟೆ. ಅವಳು ಆಕಾಶ ನೋಡುತ್ತ ತನ್ನ ಕಾಲ್ಬೆರಳು ಹಿಡಿದುಕೊಂಡಿದ್ದಳು. ಹೊನ್ನೂರಬಿ ಇನ್ನೊಂದು ಮೊರದ ತುಂಬ ತೌಡು ಹೊತ್ತು ಬಂದಳು, ದಾರಿಯಲ್ಲಿ ಹೋಗುವ ಗಿರಾಕಿಯ ಹಾಗೆ ಗತ್ತಿನಿಂದ.

"ಏನವ್ವಾ, ಏನು ಮಾರಾಕ ಇಟ್ಟೀರಿ?"

"ಮನಿ ಕಸ" ಅಂದರು ಅತ್ತೆ.

"ಯಾಕ ಮಾರತೀರಿ?"

ಈಗ ನಾನು ಹೇಳಬೇಕು. ನಮಗೆ ಇದು ಬೇಡ, ಇದು ನಮ್ಮದಲ್ಲ. ಅಷ್ಟೇ ಮಾತು. ಆಡಿದರೆ ಮುಗಿಯಿತು, ಆಟವೇ ತಾನೆ ಅಂದುಕೊಂಡಿದ್ದೆ. ಓಣಿ, ಬಿಸಿಲು, ಜನ ಎಲ್ಲ ದೂರ ಸರಿದು, ಮೊರ ಒಂದೇ ಉಳಿಯಿತು. ಅದರಲ್ಲಿ ನನ್ನನ್ನೇ ನೋಡಿ ನಗುತ್ತಿರುವ ಮುಖ.

"ಹೇಳಲೇ ರೇಣುಕಾ" ಅಂದರು ಅತ್ತೆ, ಮೆಲ್ಲಗೆ.

"ನಮಗ ಬ್ಯಾಡಾಗೈತಿ" ಅಂದೆ. "ಇದು ನಮ್ಮದಲ್ಲ."

ನನ್ನ ದನಿ ನನಗೇ ಗುರುತು ಹತ್ತಲಿಲ್ಲ. ಹೊನ್ನೂರಬಿ ತೌಡಿನ ಮೊರ ನನ್ನ ಕೈಗೆ ಕೊಟ್ಟು, ಕೂಸನ್ನು ಎತ್ತಿ ಎದೆಗೆ ಹಾಕಿಕೊಂಡಳು. "ತೌಡಿಗೆ ಬಂದಾಕಿ. ಇವಳು ತೌಡವ್ವ" ಅಂದಳು. ಅವತ್ತಿನಿಂದ ಓಣಿಯಲ್ಲಿ ಅದೇ ಹೆಸರು. ಕೂಸು ನಮ್ಮ ಮನೆಯಲ್ಲೇ ಉಳಿಯಿತು, ನಾನೇ ಸಾಕಿದೆ. ಆದರೆ ಲೆಕ್ಕಕ್ಕೆ ಅವಳದು.

ತೌಡು ಎಮ್ಮೆ ತಿಂದಿತು.

ಇದರಿಂದ ಏನು ಬದಲಾಯಿತು ಅಂತ ಕೇಳಿದರೆ, ರಕ್ತದಲ್ಲಿ ಏನೂ ಬದಲಾಗಲಿಲ್ಲ, ಓಣಿಯಲ್ಲಿ ಎಲ್ಲ ಬದಲಾಯಿತು. ಅತ್ತೆಯ ತಂಗಿ ಅರಸೀಕೆರೆಯಿಂದ ಕೆಮ್ಮುತ್ತ ಬಂದವರು, ಬಂದವರೇ ಚಪ್ಪಲಿ ಬಿಟ್ಟು, "ಬಾರಲೇ ನನ ಬಂಗಾರಿ" ಅಂತ ಕೈ ಚಾಚಿದರು. ಸೊಸೆಯಾಗಿ ನಾನು ಅವರಿಗೆ ಏನು ಹೇಳಲಿ? ಅಷ್ಟರಲ್ಲಿ ಓಣಿಯ ಆಚೆಯಿಂದ ಗಾದಿ ಹೊಲಿಯುವ ಸೂಜಿ ಹಿಡಿದೇ ಹೊನ್ನೂರಬಿ ಕೂಗಿದಳು, "ಯಾರ್ರೀ ಅದು, ನನ ಮಾಲು ಮುಟ್ಟೋರು?"

"ಏನಂತಲೇ ಇಕಿದು?" ಅಂದರು ಆ ಚಿಕ್ಕತ್ತೆ.

"ಕೊಂಡೀನ್ರಿ, ಒಂದು ಮೊರ ತೌಡು ಎಣಿಸಿ ಕೊಟ್ಟು. ನನಗ ಕೇಳದ ಎತ್ತಬ್ಯಾಡ್ರಿ. ಎತ್ತೂದಿದ್ರ ಅಲ್ಲಿ ಬಕೀಟೈತಿ, ಸಾಬೂನೈತಿ. ಕೈ ತಿಕ್ಕಿ ತೊಳೀರಿ. ಕೆಮ್ಮಿದ್ರ ಇವತ್ತು ಬ್ಯಾಡೇ ಬ್ಯಾಡ, ಮುಂದಿನ ಸಲ."

"ತೌಡು ಯಾರರ ಎಣಿಸ್ತಾರೇನಲೇ?"

"ನಾ ಎಣಿಸೀನಿ!"

ಅತ್ತೆಯೇ ನಕ್ಕುಬಿಟ್ಟರು. ನನ್ನ ಬಾಯಲ್ಲಿ ಅಹಂಕಾರ ಅನ್ನಿಸಿಕೊಂಡ ಮಾತು ಅವಳ ಬಾಯಲ್ಲಿ ಹಕ್ಕಾಯಿತು. ಮಾರಿದ ಮೇಲೆ ಮಾಲು ಕೊಂಡವರದು, ಇದನ್ನು ನಮ್ಮ ಜನ ಒಪ್ಪುತ್ತಾರೆ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ನಾನು ಹೊನ್ನೂರಬಿಗೆ ಕಲಿಸುತ್ತಿದ್ದೆ, ಅವಳು ಓಣಿಗೆ ಕಲಿಸುತ್ತಿದ್ದಳು. ಕಟ್ಟೆಯ ಮೇಲಿನ ಬಕೀಟು ಸಾಬೂನು ಅವಳೇ ತಂದಿಟ್ಟದ್ದು. ಕೆಲವರು ಅದನ್ನು ಹೊನ್ನೂರಬಿಯ ಟೋಲ್ ಗೇಟು ಅಂತ ಚೇಷ್ಟೆ ಮಾಡಿದರು. ಮಾಡಿದರೂ ಕೈ ತೊಳೆದೇ ಮಾಡಿದರು.

ಒಂದು ಮಧ್ಯಾಹ್ನ ಅವಳು ಬಂದು ಹೊಸ್ತಿಲ ಹೊರಗೇ ನಿಂತಳು. "ಟೀಚರಮ್ಮ, ಖರೇ ಹೇಳ್ರಿ. ನಮ್ಮ ಹತ್ತಿ ಧೂಳಿನಿಂದೇನರ ಬಂತೇನ್ರಿ ಇದು?" ಎಷ್ಟು ದಿನದಿಂದ ಇದನ್ನು ಎದೆಯಲ್ಲಿಟ್ಟುಕೊಂಡಿದ್ದಳೋ. ಅಲ್ಲ, ಇದು ಯಾರಿಂದಲೂ ಬಂದದ್ದಲ್ಲ ಅಂದೆ. ಅವಳು ತಲೆಯಾಡಿಸಿ ಹೋದಳು. ಮರುದಿನ ನೋಡಿದರೆ ಶೆಡ್ಡಿನ ಬಾಯಿಗೆ ಅವಳ ಗಂಡ ಒದ್ದೆ ಗೋಣಿತಾಟು ಕಟ್ಟಿದ್ದ. ಓಣಿಯಲ್ಲಿ ಬಿಳಿ ಎಳೆ ತೇಲುವುದು ನಿಂತಿತು. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಬೇಜಾರೇ ಆಯಿತು.

ಚೈತ್ರಾಳಿಗೆ ಎರಡು ವರ್ಷವಾಗಿದ್ದಾಗ ಆ ದೊಡ್ಡ ಜ್ವರ ಬಂತು. ಮುಟ್ಟಿದರೆ ಕೈ ಸುಡುತ್ತಿತ್ತು. ಕಿವಿಯ ಹಿಂದೆ ಒಂದು ಸಣ್ಣ ಕೆಂಪು ಗಂಟು. ಗಂಡ ಡ್ಯೂಟಿಯ ಮೇಲೆ ಹೊಸಪೇಟೆ ಕಡೆ ಹೋಗಿದ್ದ. ಹೊನ್ನೂರಬಿಯೇ ಒಂದು ಜೀಪು ಹಿಡಿದು ತಂದಳು. ದಾವಣಗೆರೆ ಮುಟ್ಟಿದಾಗ ಕೂಸಿಗೆ ನನ್ನ ಗುರುತೂ ಇರಲಿಲ್ಲ. ವಾರ್ಡಿನ ಬಾಗಿಲಲ್ಲಿ ನರ್ಸು ತಡೆದರು. "ಒಬ್ರೇ ಒಳಗೆ. ತಾಯಿ ಯಾರು?"

"ನಾನು" ಅಂದೆವು, ಇಬ್ಬರೂ ಒಟ್ಟಿಗೇ.

"ಒಂದು ಮಗುಗೆ ಇಬ್ರು ತಾಯಂದ್ರಾ?"

"ಅಲ್ರಿ ಸಿಸ್ಟರ್ರ," ಅಂದಳು ಹೊನ್ನೂರಬಿ, "ಇಕಿ ಬರೇ ಹಡದಾಕಿ. ಮಾರಿಬಿಟ್ಟಾಳ. ನಾ ಕೊಂಡಾಕಿ."

ನರ್ಸಿನ ಮುಖ ಬೆಳ್ಳಗಾಯಿತು. ಮಕ್ಕಳನ್ನು ಮಾರುವ ಗುಂಪು ಅಂದುಕೊಂಡರೇನೋ, ಕಾವಲುಗಾರನನ್ನು ಕೂಗಿದರು. ಗದ್ದಲ ಕೇಳಿ ಡಾಕ್ಟರಮ್ಮ ಬಂದರು. ನಾನು ಅಳುತ್ತಲೇ ಹೇಳಿದೆ, ಮೊರ, ತೌಡು, ತಿಪ್ಪೆ, ಎಲ್ಲ. ಅವರು ಕೂಸಿನ ಹಣೆ ಮುಟ್ಟುತ್ತಲೇ ಕೇಳಿಸಿಕೊಂಡು, "ಸಿಸ್ಟರ್, ಇಬ್ಬರನ್ನೂ ಬಿಡಿ. ಕೈ ತೊಳೆಸಿ ಬಿಡಿ" ಅಂದರು.

"ಅದು ನನಗ ಹೇಳಬೇಕೇನ್ರಿ?" ಅಂದಳು ಹೊನ್ನೂರಬಿ, ಸ್ವಲ್ಪ ಮುನಿಸಿಕೊಂಡು.

ಆ ದಿನಗಳು ನನಗೆ ತುಂಡು ತುಂಡಾಗಿ ನೆನಪಿವೆ. ಬಾಟಲಿಯಿಂದ ಹನಿ ಇಳಿಯುತ್ತಿತ್ತು. ಪ್ರತಿ ಹನಿಯೂ ಬೀಳುವ ಮೊದಲು ಸ್ವಲ್ಪ ಯೋಚಿಸುತ್ತಿತ್ತು. ಮಂಚದ ಆ ಕಡೆ ಹೊನ್ನೂರಬಿ ಕಣ್ಣು ಮುಚ್ಚಿ ತುಟಿ ಆಡಿಸುತ್ತ ದುವಾ ಮಾಡುತ್ತಿದ್ದಳು. ಈ ಕಡೆ ನಾನು ನಮ್ಮ ಮನೆದೇವರ ಹೆಸರು ಹೇಳುತ್ತಿದ್ದೆ. ಯಾವುದೋ ಗಳಿಗೆಯಲ್ಲಿ ಇಬ್ಬರ ಮಾತೂ ಒಂದೇ ಗುನುಗು ಆದ ಹಾಗಿತ್ತು. ಕಿವಿಯ ಹಿಂದಿನ ಆ ಗಂಟು ಇಷ್ಟೇ ಇದೆಯಲ್ಲ, ಇದರಿಂದ ಇಷ್ಟು ಜ್ವರವೇ ಅಂತ ಡಾಕ್ಟರಮ್ಮನನ್ನು ಕೇಳಿದೆ.

"ಬೇರೆ ಮಕ್ಕಳಿಗಾದ್ರೆ ಇಷ್ಟೊತ್ತಿಗೆ ಕೀವು ತುಂಬಿ ದಪ್ಪಗಾಗಿರೋದು. ಕೀವು ಅಂದ್ರೇನು? ಹೊಡೆದಾಡಿ ಸತ್ತ ಬಿಳಿ ಕಣಗಳೇ. ಇವಳಲ್ಲಿ ಹೊಡೆದಾಡೋಕೆ ಹೋಗೋರೇ ಇಲ್ಲ. ಅದಕ್ಕೇ ಹೊರಗೆ ಸಣ್ಣದು, ಒಳಗೆ ದೊಡ್ಡದು."

"ಉಳೀತಾಳೇನ್ರಿ?" ಅಂದೆ. ಅದುವರೆಗೆ ಕೇಳದೇ ಇದ್ದ ಮಾತು.

ಅವರು ಸುಳ್ಳು ಹೇಳಲಿಲ್ಲ. "ಔಷಧಿ ಹಿಡೀಬೇಕು. ನೋಡೋಣ" ಅಂದು ನನ್ನ ತಲೆಯ ಮೇಲೆ ಕೈ ಇಟ್ಟು ಹೋದರು.

ಹಿಡಿಯಿತು. ಒಂದು ಬೆಳಿಗ್ಗೆ, ಕಿಟಕಿಯ ಬಿಸಿಲು ಮಂಚದ ಕಾಲಿಗೆ ಬಂದಿದ್ದಾಗ, ಅವಳು ಕಣ್ಣು ಬಿಟ್ಟು ಹೊನ್ನೂರಬಿಯ ಮೂಗುಬೊಟ್ಟು ಹಿಡಿದು ಎಳೆದಳು. "ಯವ್ವಾ, ಬಿಡಲೇ!" ಅಂದಳು ಹೊನ್ನೂರಬಿ. ಬಿಡಿಸಿಕೊಳ್ಳಲಿಲ್ಲ. ಎಳೆಸಿಕೊಳ್ಳುತ್ತಲೇ ಕೂತಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಆಮೇಲಿನ ಕಾಲ ಉದ್ದ. ಔಷಧಿ, ರಕ್ತ ಪರೀಕ್ಷೆ, ಸ್ವಲ್ಪ ಏರಿತು ಅನ್ನುವುದರೊಳಗೆ ಮತ್ತೆ ಇಳಿಯಿತು ಅನ್ನುವ ವ್ಯಥೆ. ನಾನು ಕೆಲಸ ಬಿಡಲಿಲ್ಲ. ಎಷ್ಟೋ ಜನ ಬಿಡು ಅಂದರು. ಬೆಳಿಗ್ಗೆ ಶಾಲೆಗೆ ಹೊರಡುವಾಗ ಕೂಸನ್ನು ಅತ್ತೆಯ ಕೈಗೆ, ಅತ್ತೆಯನ್ನು ಹೊನ್ನೂರಬಿಯ ಕಣ್ಣಿಗೆ ಒಪ್ಪಿಸಿ ಹೋಗುತ್ತಿದ್ದೆ. ಸಂಜೆ ಬಂದವಳೇ ಕೈ ತೊಳೆಯದೆ ಅವಳನ್ನು ಎತ್ತಲು ಹೋದರೆ ಅತ್ತೆಯೇ ಗದರುತ್ತಿದ್ದರು, "ಏ, ಓದಿದಾಕಿ! ಬಕೀಟು ಕಾಣಲಿಲ್ಲೇನು?"

ಮಗಳಿಗೆ ನಾಲ್ಕು ವರ್ಷ ತುಂಬಲು ಬಂದಾಗ ಒಂದು ಬೇಸಿಗೆ. ಚೈತ್ರಾ ಎಲ್ಲರ ಕಣ್ಣು ತಪ್ಪಿಸಿ ಬರಿಗಾಲಲ್ಲಿ ಹಿತ್ತಲ ಆಚೆ ಓಡಿದ್ದಾಳೆ. ಜಾಲಿಮುಳ್ಳು ಹೊಕ್ಕಿದೆ. ಬೈಯುತ್ತಾರೆಂದು ಹೇಳಿಲ್ಲ. ಕುಂಟುವುದನ್ನು ಅತ್ತೆ ಕಂಡು ಕಾಲೆತ್ತಿ ನೋಡಿ ಹಣೆ ಬಡಿದುಕೊಂಡರು. ನಾನೂ ಹೊನ್ನೂರಬಿಯೂ ಓಡಿ ಬಂದು ನೋಡಿದೆವು. ಅಂಗಾಲು ಊದಿತ್ತು. ಊತದ ನೆತ್ತಿಯ ಮೇಲೆ ಹಳದಿ ಮೂತಿ. ನೀರು ಸೋಕಿಸಿದ ಕೂಡಲೇ ಬಾಯಿ ಬಿಟ್ಟು ಗಟ್ಟಿ ಕೀವು ಹೊರಗೆ ಬಂತು.

ನಾನು ನೆಲದ ಮೇಲೆ ಕೂತು ನಗತೊಡಗಿದೆ.

"ನಾಗತ್ತೀ, ನೋಡಿಲ್ಲಿ, ಟೀಚರಮ್ಮಗ ತಲಿ ಕೆಟ್ಟೈತಿ" ಅಂದಳು ಹೊನ್ನೂರಬಿ. "ಮಗಳಿಗೆ ಕೀವು ಆದ್ರ ನಗಾಕತ್ಯಾಳ."

"ಕೀವು ಬಂದೈತಿ ಹೊನ್ನೂರಕ್ಕಾ! ನೋಡಲ್ಲಿ, ಹಳದಿ ಕೀವು! ಹೊಡೆದಾಡಾಕ ಹೋಗ್ಯಾವ, ಅವು ಹೋಗ್ಯಾವ!"

ನನ್ನ ಮಾತು ಹೊನ್ನೂರಬಿಗೆ ತಿಳಿಯುವುದಕ್ಕೆ ಒಂದು ಗಳಿಗೆ ಹಿಡಿಯಿತು. ತಿಳಿದ ಮೇಲೆ ಅವಳೂ ಬಗ್ಗಿ ಆ ಅಂಗಾಲನ್ನು ಹಬ್ಬದ ಚಂದ್ರನನ್ನು ಹುಡುಕುವವಳ ಹಾಗೆ ನೋಡಿದಳು. ನೋವಿನಿಂದ ಕಿರುಚುತ್ತಿದ್ದ ಚೈತ್ರಾ, ಎರಡು ದೊಡ್ಡ ಹೆಂಗಸರು ತನ್ನ ಗಾಯ ನೋಡಿ ಕುಣಿಯುವುದನ್ನು ಕಂಡು ಸಿಟ್ಟಿಗೆದ್ದು ಇಬ್ಬರಿಗೂ ಒದ್ದಳು.

ದಾವಣಗೆರೆಯಲ್ಲಿ ರಕ್ತ ನೋಡಿದರು. ಕೆಲವು ವಾರ ಬಿಟ್ಟು ಮತ್ತೆ ನೋಡಿದರು. ಆಮೇಲೆ ಇನ್ನೊಮ್ಮೆ. ಪ್ರತಿ ಸಲವೂ ಬಿಳಿ ಕಣ ಇದ್ದವು, ಇರಬೇಕಾದಷ್ಟು. "ಇನ್ನು ಔಷಧಿ ಬೇಡ," ಅಂದರು ಡಾಕ್ಟರಮ್ಮ, "ಎಲ್ಲ ಮಕ್ಕಳ ಹಾಗೆ ಇರಲಿ. ನೆಗಡಿ ಬರಲಿ, ಮಣ್ಣಲ್ಲಿ ಆಡಲಿ, ಶಾಲೆಗೆ ಹೋಗಲಿ. ನೀವು ಸ್ವಲ್ಪ ಬಿಡೋದು ಕಲೀಬೇಕಮ್ಮ." ಹೂಂ ಅಂದೆ. ಹಾಗೆ ಅನ್ನುವುದು ಸುಲಭ. ಎಷ್ಟು ವರ್ಷ ಹಿಡಿದದ್ದು, ಬೆರಳಿಗೆ ಬಿಡುವುದು ಮರೆತಿತ್ತು.

ಆ ದಿನ ವಾಪಸ್ ಬರುವ ಬಸ್ಸು ತುಂಬಿ ತುಳುಕುತ್ತಿತ್ತು. ಗಂಡ ಜೊತೆಗಿರಲಿಲ್ಲ, ಅವನ ಡ್ಯೂಟಿ ಬೇರೆ ಕಡೆ. ಚೈತ್ರಾಳನ್ನು ಎದೆಗೆ ಅವಚಿಕೊಂಡು, ಯಾರ ಉಸಿರೂ ತಾಗದಂತೆ ಬೆನ್ನು ತಿರುಗಿಸಿ ತಿರುಗಿಸಿ ನಿಂತಿದ್ದೆ. ಸೀಟಿನಲ್ಲಿ ಒಬ್ಬ ಮುದುಕಿ, ಹಣೆಯ ಮೇಲೆ ವಿಭೂತಿ, ಬಾಯಿಯಲ್ಲಿ ಎಲೆ ಅಡಿಕೆ, ಮಡಿಲಲ್ಲಿ ಸಂತೆಯ ಗಂಟು. ಗಂಟನ್ನು ಕಾಲ ಕೆಳಗೆ ತಳ್ಳಿ, ಎರಡೂ ಕೈ ಚಾಚಿದಳು.

"ಕೊಡವ್ವ ಇಲ್ಲಿ ಕೂಸಿನ್ನ. ಎಷ್ಟೊತ್ತು ಹೊತಗೊಂಡು ನಿಂತೀದಿ."

ಬ್ಯಾಡ್ರಿ ಅನ್ನುವ ಮಾತು ನಾಲಗೆಯ ತುದಿಗೆ ಬಂತು. ಆ ಕೈಗಳನ್ನು ನೋಡಿದೆ. ಉಗುರಿನ ಸಂದಿಯಲ್ಲಿ ಮಣ್ಣಿತ್ತು, ಹೆಬ್ಬೆರಳಿಗೆ ಸುಣ್ಣ ಮೆತ್ತಿತ್ತು. ಬಸ್ಸು ತಿರುವಿನಲ್ಲಿ ವಾಲಿತು. ಚೈತ್ರಾ ತಾನೇ ಆ ಕಡೆ ಬಾಗಿದಳು.

ಕೊಟ್ಟೆ.

ಮುದುಕಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೆನ್ನೆಗೆ ಕೆನ್ನೆ ಹಚ್ಚಿ, "ಏನು ಹೆಸರು ನಿಂದು?" ಅಂದಳು. ಚೈತ್ರಾ ಅವಳ ಗಲ್ಲದ ಮೇಲಿನ ಹಚ್ಚೆಯ ಚುಕ್ಕಿಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತುತ್ತಿದ್ದಳು. ಕಿಟಕಿಯಿಂದ ಬಂದ ಗಾಳಿಗೆ ಇಬ್ಬರ ಕೂದಲೂ ಕಲೆತು ಹಾರುತ್ತಿತ್ತು. ನನ್ನ ಎರಡೂ ಕೈ ಖಾಲಿಯಾಗಿದ್ದವು. ಅವನ್ನು ಎಲ್ಲಿ ಇಡಬೇಕೋ ಸ್ವಲ್ಪ ಹೊತ್ತು ತಿಳಿಯಲಿಲ್ಲ. ಆಮೇಲೆ ಎಲ್ಲರಂತೆ ನಾನೂ ಮೇಲಿನ ಸರಳು ಹಿಡಿದು ನಿಂತೆ.